ಶುಕ್ರವಾರದ ತಾರೀಖು: ಕುಲಪತಿಗಳ ಕಚೇರಿಯ ಒಂದು ಪ್ರಕರಣ

ಕಡತ ಸಿಕ್ಕಿದ್ದು ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ, ಕಬ್ಬಿಣದ ಬೀರುವಿನ ಕೆಳಗಿನ ಅರೆಯಲ್ಲಿ, ಘಟಿಕೋತ್ಸವದ ಖರ್ಚಿನ ಕಡತದ ಬೆನ್ನಿಗೆ ಅಂಟಿಕೊಂಡಿತ್ತು. ಎರಡನ್ನೂ ಒಂದೇ ಲಾಡಿಯಲ್ಲಿ ಕಟ್ಟಿದ್ದರು. ಮೇಲಿನದಕ್ಕೆ ನಮ್ಮ ಕಚೇರಿಯ ಆವಕ ಸಂಖ್ಯೆ, ಅಂದರೆ ಒಳಬಂದ ಕಡತಕ್ಕೆ ವಹಿಯಲ್ಲಿ ಕೊಡುವ ಕ್ರಮಸಂಖ್ಯೆ, ಇತ್ತು, ಕೆಳಗಿನದಕ್ಕೆ ಇರಲಿಲ್ಲ. ಕೆಳಗಿನದರ ವಿಷಯ ಅತಿಥಿ ಉಪನ್ಯಾಸಕರ ಮೂರು ತಿಂಗಳ ಗೌರವಧನದ ಬಿಡುಗಡೆ. ಕುಲಪತಿಗಳ ಅನುಮೋದನೆಗೆ ಬಂದಿದ್ದ ಕಡತ ಅದು. ಅನುಮೋದಿಸಬೇಕಿದ್ದ ಕುಲಪತಿಗಳ ಅವಧಿ ಶನಿವಾರಕ್ಕೆ ಮುಗಿದುಹೋಗಿತ್ತು.

ನಾನು ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಕುಲಪತಿಗಳ ಆಪ್ತ ಸಹಾಯಕಿಯಾಗಿದ್ದವಳು. ವಿಶ್ವವಿದ್ಯಾಲಯದ ಹೆಸರನ್ನಾಗಲಿ, ಯಾರ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಗುರುತು ಹತ್ತುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಈ ಹುದ್ದೆಗೆ ಹೊಸದಾಗಿ ಬರುವವರಿಗೆ ಶೀಘ್ರಲಿಪಿ, ಕಂಪ್ಯೂಟರ್, ಕಚೇರಿ ಕಾರ್ಯವಿಧಾನ ಎಲ್ಲವನ್ನೂ ಕಲಿಸುತ್ತಾರೆ. ಆ ಸೋಮವಾರದಂಥ ಬೆಳಗಿನಲ್ಲಿ ಏನು ಮಾಡಬೇಕೆಂದು ಮಾತ್ರ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಜಾಗದಲ್ಲಿ ಈಗ ಕೂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಮೇಜು

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಪ್ರಕಾರ ಕುಲಪತಿಗಳ ಅವಧಿ 4 ವರ್ಷ, ಇಲ್ಲವೇ ಅವರಿಗೆ 67 ವರ್ಷ ತುಂಬುವವರೆಗೆ, ಯಾವುದು ಮೊದಲೋ ಅದು. ಕುಲಾಧಿಪತಿಗಳು ರಾಜ್ಯಪಾಲರಾದ್ದರಿಂದ ನೇಮಕದ ಆದೇಶ ರಾಜಭವನದಿಂದ ಬರುತ್ತದೆ. ಹೆಸರುಗಳನ್ನು ಶಿಫಾರಸು ಮಾಡುವ ಶೋಧನಾ ಸಮಿತಿಯಲ್ಲಿ ಕುಲಾಧಿಪತಿಗಳು, ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ), ರಾಜ್ಯ ಸರ್ಕಾರ ಮತ್ತು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಕಡೆಯಿಂದ ಒಬ್ಬೊಬ್ಬರು ಇರುತ್ತಾರೆ. ಈ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯುವುದು ಅಪರೂಪ. ಹಾಗಾಗಿ ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಹಿರಿಯ ಡೀನ್ ಒಬ್ಬರು ಹಂಗಾಮಿ ಕುಲಪತಿಗಳಾಗಿ ಕೂರುವುದನ್ನು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಎಲ್ಲರೂ ಕಂಡಿದ್ದೇವೆ.

ಕುಲಪತಿಗಳವರೆಗೆ ಕಡತ ಬರುವ ದಾರಿ ಉದ್ದ. ವಿಷಯ ನಿರ್ವಾಹಕರು ಟಿಪ್ಪಣಿ ಬರೆಯುತ್ತಾರೆ, ಅಧೀಕ್ಷಕರು ನೋಡುತ್ತಾರೆ, ಸಹಾಯಕ ಕುಲಸಚಿವರು, ಉಪ ಕುಲಸಚಿವರು, ಹಣದ ವಿಷಯವಾದರೆ ಹಣಕಾಸು ಅಧಿಕಾರಿಗಳು, ಕೊನೆಗೆ ಕುಲಸಚಿವರು. ಇಷ್ಟು ಮೇಜು ದಾಟಿ ನನ್ನ ಮೇಜಿಗೆ ಬರುತ್ತದೆ. ಟಿಪ್ಪಣಿ ಹಾಳೆಯಲ್ಲಿ ನಾನು ಒಂದಕ್ಷರ ಬರೆಯುವಂತಿಲ್ಲ, ಸಹಿ ಹಾಕುವಂತಿಲ್ಲ. ಆದರೆ ಯಾವ ಕಡತ ಪ್ಯಾಡಿನ ಮೇಲೆ ಬರಬೇಕು, ಯಾವುದು ಊಟದ ನಂತರ, ಯಾವುದು ಕುಲಪತಿಗಳು ಸಮಾಧಾನವಾಗಿರುವ ಹೊತ್ತಿಗೆ, ಯಾರನ್ನು ಈಗ ಒಳಗೆ ಬಿಡಬೇಕು, ಯಾರಿಗೆ ನಾಳೆ ಬನ್ನಿ ಎನ್ನಬೇಕು ಎಂಬುದೆಲ್ಲ ನನ್ನ ಕೈಯಲ್ಲಿತ್ತು. ಕರ್ತವ್ಯಗಳ ಪಟ್ಟಿಯಲ್ಲಿ ಇದ್ಯಾವುದೂ ಇರುವುದಿಲ್ಲ. ಕಾರಿಡಾರಿನಲ್ಲಿ ನಿಂತವರಿಗೆ ಮಾತ್ರ ಚೆನ್ನಾಗಿ ಗೊತ್ತಿರುತ್ತದೆ.

ನಾಲ್ಕು ವರ್ಷ ಒಬ್ಬರ ಜೊತೆ ಹೀಗೆ ಕೆಲಸ ಮಾಡಿದರೆ ಒಂದು ನಂಬಿಕೆ ಬೆಳೆಯುತ್ತದೆ. ಮೊದಲ ಆರು ತಿಂಗಳು ಕುಲಪತಿಗಳು ಪ್ರತಿ ಟಿಪ್ಪಣಿಯನ್ನೂ ಪೂರ್ತಿ ಓದುತ್ತಿದ್ದರು. ಆಮೇಲಾಮೇಲೆ ನಾನು ಚೀಟಿ ಸಿಕ್ಕಿಸಿ, "ಇದು ಮಾಮೂಲು ಸರ್, ಇದೊಂದು ನೋಡಬೇಕು" ಎಂದರೆ ನೋಡಬೇಕಾದ್ದನ್ನು ಮಾತ್ರ ನೋಡಿ, ಉಳಿದವಕ್ಕೆ ಹಸಿರು ಶಾಯಿಯಲ್ಲಿ ಸಹಿ ಹಾಕುತ್ತಾ ಹೋಗುತ್ತಿದ್ದರು. ದಿನಕ್ಕೆ ಅಷ್ಟು ಕಡತ, ಅಷ್ಟು ಸಭೆ ಇರುವ ಮನುಷ್ಯರಿಗೆ ಬೇರೆ ದಾರಿ ಇರಲಿಲ್ಲ. ಇದನ್ನು ಅವರ ಉದಾಸೀನ ಎಂದು ಯಾರೂ ತಿಳಿಯಬಾರದು.

ಶುಕ್ರವಾರ

ಅವಧಿಯ ಕೊನೆಯ ದಿನ ನಾಲ್ಕನೇ ಶನಿವಾರ, ಸರ್ಕಾರಿ ರಜೆ. ಕಚೇರಿಗೆ ಶುಕ್ರವಾರವೇ ಕೊನೆ. ಬೆಳಿಗ್ಗೆ ಬಂದವರೇ ಕುಲಪತಿಗಳು ಹೇಳಿದರು: "ಮೇಡಂ, ನನ್ನ ಟೇಬಲ್ ಮೇಲೆ ಒಂದು ಕಡತಾನೂ ಉಳೀಬಾರದು."

ಆವಕ ವಹಿಯಲ್ಲಿ ವಿಲೇವಾರಿಯಾಗದೆ ಉಳಿದಿದ್ದವು 41. ಬೀರು, ಮೇಜು, ಒಳಕೋಣೆಯ ಟ್ರೇ ಎಲ್ಲ ಸೇರಿಸಿ ಎಣಿಸಿದೆ. ಸರಿಯಾಗಿ 41 ಸಿಕ್ಕವು. ಲೆಕ್ಕ ಕೂಡಿತು ಅಂತ ನೆಮ್ಮದಿಯಾಯಿತು. ಎಡವಿದ್ದೇ ಅಲ್ಲಿ. ವಹಿಯಲ್ಲಿ ಬರೆದದ್ದು ಕಚೇರಿಯಲ್ಲಿ ಇದೆಯೇ ಎಂದು ನೋಡಿದೆ. ಕಚೇರಿಗೆ ಬಂದದ್ದೆಲ್ಲ ವಹಿಯಲ್ಲಿ ಇದೆಯೇ ಎಂದು ನೋಡಲಿಲ್ಲ.

41ನ್ನು ಮೂರು ಗುಡ್ಡೆ ಮಾಡಿದೆ. ಸಂಬಳ, ರಜೆ, ವಿದ್ಯಾರ್ಥಿಗಳ ವಿಷಯದಂಥ, ಇವತ್ತೇ ಆಗಬೇಕಾದ ಮಾಮೂಲು ಕಡತಗಳು ಒಂದು ಕಡೆ. ಅಭಿಪ್ರಾಯ ಪೂರ್ತಿಯಾಗದವು, ಅಂದರೆ ಹಣಕಾಸು ಶಾಖೆಯದೋ ಕಾನೂನು ಘಟಕದ್ದೋ ಮಾತು ಬಾಕಿ ಇದ್ದವು, ಇನ್ನೊಂದು ಕಡೆ. ಮೂರನೆಯದು ಬಾಯಿಬಿಟ್ಟು ಹೇಳಲಾರದ ಗುಡ್ಡೆ. ಬಹಳ ದಿನ ಎಲ್ಲೋ ಮಲಗಿದ್ದು, ಅವಧಿ ಮುಗಿಯುವ ವಾರದಲ್ಲಿ ಇದ್ದಕ್ಕಿದ್ದಂತೆ ಕಾಲು ಬಂದು ಓಡಿ ಬಂದ ಕಡತಗಳು. ಅವುಗಳ ಮೇಲೆ ಚೀಟಿ ಸಿಕ್ಕಿಸಿ, ಹಿಂದಿನ ಚಲನೆಯ ದಿನಾಂಕಗಳನ್ನು ಪೆನ್ಸಿಲಿನಲ್ಲಿ ಬರೆದೆ. ಮಾತಿನಲ್ಲಿ ಏನೂ ಹೇಳಲಿಲ್ಲ. ಕುಲಪತಿಗಳು ಚೀಟಿ ಓದಿ, ನನ್ನ ಮುಖ ನೋಡಿ, "ಮುಂದಿನ ಕುಲಪತಿಗಳ ಅವಗಾಹನೆಗೆ ಮಂಡಿಸಿ" ಎಂದು ಬರೆದು ಪಕ್ಕಕ್ಕಿಟ್ಟರು. ಎರಡನೇ ಮತ್ತು ಮೂರನೇ ಗುಡ್ಡೆ ಸೇರಿ 12 ಕಡತ ಹಾಗೆ ಉಳಿದವು. 29ಕ್ಕೆ ಸಹಿಯಾಯಿತು.

ಸಂಜೆ ಬೀಳ್ಕೊಡುಗೆ. ಪೇಟ, ಶಾಲು, ಹಣ್ಣಿನ ಬುಟ್ಟಿ. ಹಾರ ಹಾಕಲು ನಿಂತ ಸಾಲಿನಲ್ಲೇ ಒಬ್ಬರು ಕಂಕುಳಲ್ಲಿ ಕಡತ ಹಿಡಿದು ನಿಂತಿದ್ದರು. ಅವರನ್ನು ಸಾಲಿನಿಂದ ಈಚೆ ಕರೆದು, "ಕಚೇರಿಗೆ ಕೊಟ್ಟು ಆವಕ ನಂಬರ್ ತಗೊಳ್ಳಿ ಸಾರ್" ಎಂದೆ. ಅವರಿಗೆ ಸಿಟ್ಟು ಬಂತು.

ಆ ದಿನ ಮಾಡಿದ ಇನ್ನೊಂದು ಕೆಲಸ ಹೇಳಬೇಕು. ಕುಲಪತಿಗಳ ಡಿಜಿಟಲ್ ಸಹಿಯ ಟೋಕನ್, ಅಂದರೆ ಆ ಸಹಿಯ ಗುಪ್ತ ಕೀಲಿ ಇರುವ ಪೆನ್‌ಡ್ರೈವಿನಂಥ ಸಾಧನ, ನನ್ನ ಡ್ರಾಯರಿನಲ್ಲಿ ಇರುತ್ತಿತ್ತು. ಹಲವು ಕಚೇರಿಗಳಲ್ಲಿ ಹೀಗೇ ನಡೆಯುತ್ತದೆ, ನಡೆಯಬಾರದು. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕಾರ ಆ ಕೀಲಿಯನ್ನು ತನ್ನ ಹಿಡಿತದಲ್ಲಿ ಇಟ್ಟುಕೊಳ್ಳುವ ಹೊಣೆ ಸಹಿಯ ಒಡೆಯರದೇ. ಟೋಕನ್ನನ್ನು ಲಕೋಟೆಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ಅವರ ಸಹಿ ಪಡೆದು, ಅವರ ಕೈಗೇ ಕೊಟ್ಟು, ಕೊಟ್ಟಿದ್ದಕ್ಕೆ ಸ್ವೀಕೃತಿ ತೆಗೆದುಕೊಂಡೆ. ಇಷ್ಟು ಜೋಪಾನ ಮಾಡಿದವಳೇ ಲಾಡಿ ಬಿಚ್ಚಿ ನೋಡುವುದನ್ನು ಮರೆತಿದ್ದೆ.

ಸೋಮವಾರ

ಹಂಗಾಮಿ ಕುಲಪತಿಗಳ ಆದೇಶ ಶನಿವಾರ ಸಂಜೆ ಇ-ಮೇಲಿನಲ್ಲಿ ಬಂತು. ಸೋಮವಾರ ಒಂಬತ್ತೂವರೆಗೆ ಅವರು ಪ್ರಭಾರ ವಹಿಸಿಕೊಂಡರು. ಹತ್ತು ಗಂಟೆಗೆ ಆಡಳಿತ ಶಾಖೆಯ ಅಧೀಕ್ಷಕರು ಬಂದು ಅತಿಥಿ ಉಪನ್ಯಾಸಕರ ಕಡತ ಕೇಳಿದರು. ಬಂದಿಲ್ಲವಲ್ಲ ಎಂದೆ. ಅವರು ತಮ್ಮ ಮುದ್ದಾಂ ಪುಸ್ತಕ, ಅಂದರೆ ಕೈಯಾರೆ ತಲುಪಿಸಿದ ಕಡತಗಳಿಗೆ ಸಹಿ ಪಡೆಯುವ ಪುಸ್ತಕ, ತೆರೆದು ತೋರಿಸಿದರು. ಗುರುವಾರದ ದಿನಾಂಕದಲ್ಲಿ ಎರಡು ಕಡತ, ನಮ್ಮ ಕಚೇರಿಯ ಮೊಹರು, ನಮ್ಮ ಅಟೆಂಡರ್ ಹುಡುಗನ ಸಹಿ. ಹುಡುಕಿದೆವು. ಸಿಕ್ಕಿತು.

ಅಧೀಕ್ಷಕರು ಕೆಟ್ಟವರಲ್ಲ. ನಿವೃತ್ತಿಗೆ ಒಂದೂವರೆ ವರ್ಷವಿತ್ತು. ಇಡೀ ಸರ್ವಿಸಿನಲ್ಲಿ ಯಾರಿಂದಲೂ ಒಂದು ಕಾಫಿಯ ಋಣ ಇಟ್ಟುಕೊಂಡವರಲ್ಲ. ಬಾಗಿಲು ಸ್ವಲ್ಪ ಮುಂದಕ್ಕೆಳೆದು ಮೆಲ್ಲಗೆ ಹೇಳಿದರು:

"ಮೇಡಂ, ಕಡತ ಗುರುವಾರಾನೇ ನಿಮ್ಮಲ್ಲಿಗೆ ಬಂದಿರೋದು ನಿಜ ತಾನೆ? ಸಾಹೇಬ್ರು ಇನ್ನೂ ಮನೆ ಖಾಲಿ ಮಾಡಿಲ್ಲ. ಹೋಗಿ ಶುಕ್ರವಾರದ ತಾರೀಖಿಗೆ ಒಂದು ಸಹಿ ಮಾಡಿಸ್ಕೊಂಡು ಬನ್ನಿ. ವಹೀಲಿ ನಲವತ್ತೊಂದರ ಕೆಳಗೆ ನಲವತ್ತೊಂದು ಎ ಅಂತ ಬರೆದ್ರಾಯ್ತು. ಯಾರ ದುಡ್ಡೂ ನಾವು ತಿಂತಿಲ್ಲ. ಆ ಮಕ್ಕಳು ಮೂರು ತಿಂಗಳಿಂದ ಕೈಯಲ್ಲಿ ಕಾಸಿಲ್ಲದೆ ಪಾಠ ಮಾಡ್ತಿದಾರೆ. ಹೊಸಬರು ಮೊದಲನೇ ದಿನ ಹಣದ ಕಡತ ಮುಟ್ಟಲ್ಲ, ನಿಮಗೇ ಗೊತ್ತು."

ಅವರು ಹೇಳಿದ ಒಂದೊಂದು ಮಾತೂ ನಿಜವಾಗಿತ್ತು. ಕಡತ ಅವಧಿಯೊಳಗೆ ಬಂದಿತ್ತು. ಶುಕ್ರವಾರ ಪ್ಯಾಡಿನಲ್ಲಿ ಇದ್ದಿದ್ದರೆ ಸಹಿ ಆಗಿಯೇ ಆಗುತ್ತಿತ್ತು. ಶನಿವಾರ ಸಿಕ್ಕಿದ್ದರೂ ಮನೆಗೆ ಒಯ್ದು ಸಹಿ ಮಾಡಿಸಬಹುದಿತ್ತು, ಏಕೆಂದರೆ ರಜೆಯಾದರೂ ಅಂದು ಅವರು ಕುಲಪತಿಗಳೇ. ಒಂದು ದಿನದ ಅಂತರ. ಹೊರಗೆ ಕಾರಿಡಾರಿನಲ್ಲಿ ಅತಿಥಿ ಉಪನ್ಯಾಸಕರೊಬ್ಬರು ಅಧೀಕ್ಷಕರಿಗಾಗಿ ಕಾಯುತ್ತಾ ಗೋಡೆಗೆ ಒರಗಿ ನಿಂತಿದ್ದು ನನಗೆ ಕಾಣುತ್ತಿತ್ತು.

ನಾನು ಕೂಡಲೇ "ಆಗಲ್ಲ" ಎಂದೆ ಎಂದು ಬರೆದರೆ ಸುಳ್ಳಾಗುತ್ತದೆ. ಕಡತ ಕೈಗೆತ್ತಿಕೊಂಡೆ. ಬ್ಯಾಗ್ ಕೂಡ ಹೆಗಲಿಗೆ ಹಾಕಿದೆ. ಕುಲಪತಿಗಳ ನಿವಾಸ ಕ್ಯಾಂಪಸ್ಸಿನಲ್ಲೇ, ನಡೆದರೆ ಹತ್ತು ನಿಮಿಷ.

ತಡೆದದ್ದು ಎರಡು ವಿಚಾರ. ಮೊದಲನೆಯದು, ಕಡತ ತಪ್ಪಿಹೋಗಿದ್ದು ನನ್ನ ಮೇಜಿನಿಂದ. ಹಿಂದಿನ ತಾರೀಖಿಗೆ ಸಹಿ ಬಿದ್ದರೆ ಉಪನ್ಯಾಸಕರಿಗೆ ಹಣ ಬರುತ್ತದೆ, ಜೊತೆಗೆ ನನ್ನ ತಪ್ಪೂ ಮುಚ್ಚಿಹೋಗುತ್ತದೆ. ನಾನು ಅವರಿಗಾಗಿ ಹೊರಟಿದ್ದೇನೋ ನನಗಾಗಿಯೋ ಎಂದು ನನಗೇ ಖಾತ್ರಿಯಿರಲಿಲ್ಲ. ಎರಡನೆಯದು ಇನ್ನೂ ಭಾರದ್ದು. ನಾನು ಮುಂದಿಟ್ಟರೆ ಅವರು ಕೇಳದೆ ಸಹಿ ಹಾಕುತ್ತಾರೆ. ನಾಲ್ಕು ವರ್ಷದ ಅಭ್ಯಾಸ ಅದು. ಅಧಿಕಾರ ಇಲ್ಲದ ದಿನ ಅಧಿಕಾರದ ಸಹಿ, ಅದೂ ಹಣದ ಕಡತಕ್ಕೆ. ನಾಳೆ ಯಾರಾದರೂ ಕೆದಕಿದರೆ ಖೊಟ್ಟಿ ದಾಖಲೆ ಎಂಬ ಮಾತು ಬರುವುದು ಅವರ ಹೆಸರಿಗೆ. ಮನೆಯಲ್ಲಿ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಾ ಕೂತಿರುವ ಮನುಷ್ಯರ ನಂಬಿಕೆಯನ್ನು ಹಾಗೆ ಖರ್ಚು ಮಾಡುವ ಹಕ್ಕು ನನಗೆ ಎಲ್ಲಿಂದ ಬಂತು?

ಬ್ಯಾಗ್ ಇಳಿಸಿದೆ. ಆವಕ ವಹಿಯಲ್ಲಿ ಸೋಮವಾರದ ತಾರೀಖು, ಮುಂದಿನ ಸಂಖ್ಯೆ ಹಾಕಿದೆ. ಆಮೇಲೆ ಒಂದು ಹಾಳೆ ತೆಗೆದುಕೊಂಡು ಬರೆದೆ: "ಸದರಿ ಕಡತವು ಕಳೆದ ಗುರುವಾರ ಮುದ್ದಾಂ ಮೂಲಕ ಈ ಕಚೇರಿಗೆ ತಲುಪಿದ್ದು, ಮತ್ತೊಂದು ಕಡತದೊಂದಿಗೆ ಕಟ್ಟಲ್ಪಟ್ಟಿದ್ದರಿಂದ ಆವಕ ವಹಿಯಲ್ಲಿ ದಾಖಲಾಗಿರುವುದಿಲ್ಲ. ಇದು ನನ್ನ ಗಮನ ತಪ್ಪಿ ಆಗಿರುತ್ತದೆ. ಈ ದಿನ ಪತ್ತೆಯಾಗಿದ್ದು, ಆದೇಶಕ್ಕಾಗಿ ಮಂಡಿಸಿದೆ."

ಅಟೆಂಡರ್ ಹುಡುಗ ಬಾಗಿಲಲ್ಲೇ ನಿಂತಿದ್ದ. ಹೊರಗುತ್ತಿಗೆಯವನು. ಏಜೆನ್ಸಿಗೆ ಒಂದು ಫೋನ್ ಹೋದರೆ ಮರುದಿನ ಬೇರೆಯವನು ಬರುತ್ತಾನೆ. ಅವನ ಹೆಸರು ಬರೆಯಲಿಲ್ಲ. ಕಟ್ಟು ಬಿಚ್ಚಿ ನೋಡಬೇಕಾದವಳು ನಾನು.

ಅಧೀಕ್ಷಕರು ಅದನ್ನು ಓದಿ, ಏನೂ ಹೇಳದೆ ಎದ್ದು ಹೋದರು. ಸುಮಾರು ಒಂದು ತಿಂಗಳು ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು.

ಸಹಿ ಬಿದ್ದದ್ದು

ಮೊದಲು ಕುಲಸಚಿವರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಬೇರೆ ಬಾಯಿಂದ ಅವರಿಗೆ ತಿಳಿಯಬಾರದಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆದು ಕೊಡಿ" ಎಂದರು. ಬರೆದಾಗಿತ್ತು. ಮುಂದೆ ಕಾರಣ ಕೇಳಿ ನೋಟಿಸ್ ಬಂತು, ಉತ್ತರ ಕೊಟ್ಟೆ, ಎಚ್ಚರಿಕೆಯೊಂದಿಗೆ ಮುಗಿಯಿತು. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಕಷ್ಟವಾಗಿದ್ದು ಹಂಗಾಮಿ ಕುಲಪತಿಗಳ ಒಪ್ಪಿಗೆ. ಸೋಮವಾರ ಇಡೀ ದಿನ ಹೂಗುಚ್ಛ, ಅಭಿನಂದನೆ. ಸಂಜೆ ಹೊತ್ತಿಗೆ ಕಡತ ಮುಂದಿಟ್ಟೆ. ನನ್ನ ಟಿಪ್ಪಣಿಯನ್ನು ಎರಡು ಸಲ ಓದಿದರು. ನಂತರ ಬರೆದದ್ದು ಒಂದೇ ಪದ: "ಚರ್ಚಿಸಿ."

ಕಚೇರಿ ಕೆಲಸ ಬಲ್ಲವರಿಗೆ ಈ ಪದದ ಭಾರ ಗೊತ್ತು. ಕಡತ ಬಂದ ದಾರಿಯಲ್ಲೇ ಇಳಿದು, ಅಷ್ಟೂ ಮೇಜು ಸುತ್ತಿ, ಮತ್ತೆ ಮೇಲೆ ಬರಲು ಹದಿನೈದು ದಿನ ಬೇಕು. ಅವರನ್ನು ದೂರುವಂತೆಯೂ ಇರಲಿಲ್ಲ. ಬಂದ ಮೊದಲ ದಿನ, ಹಿಂದಿನವರ ಕಾಲದ ಕಡತ, ಹಣದ ವಿಷಯ, ಅದರ ಮೇಲೆ ಆಪ್ತ ಸಹಾಯಕಿಯ ತಪ್ಪೊಪ್ಪಿಗೆಯ ಹಾಳೆ. ಯಾರಿಗಾದರೂ ಅನುಮಾನ ಬರುವಂಥದ್ದೇ.

ಮಂಗಳವಾರ ಬೆಳಿಗ್ಗೆ ಕಡತವನ್ನು ಕೆಳಗೆ ಕಳಿಸಲಿಲ್ಲ. ಅವರನ್ನೇ ಕೇಳಿದೆ: "ಸರ್, ಚರ್ಚೆಗೆ ಹಣಕಾಸು ಅಧಿಕಾರಿಗಳನ್ನ ಇಲ್ಲಿಗೇ ಕರೀಲಾ? ನಾಳೆ ಹನ್ನೊಂದಕ್ಕೆ ನಿಮಗೆ ಅರ್ಧ ಗಂಟೆ ಬಿಡುವಿದೆ." ಆಗಲಿ ಎಂದರು. ಆ ದಿನವಿಡೀ ಅವರ ಭಯಕ್ಕೆ ಉತ್ತರ ಹುಡುಕಿದೆ. ಅತಿಥಿ ಉಪನ್ಯಾಸಕರನ್ನು ಆ ಸೆಮಿಸ್ಟರಿಗೆ ತೆಗೆದುಕೊಳ್ಳಲು ಆಗಿದ್ದ ಒಪ್ಪಿಗೆಯ ಪ್ರತಿ, ಬಜೆಟ್ಟಿನಲ್ಲಿ ಆ ಲೆಕ್ಕ ಶೀರ್ಷಿಕೆಯ ಪುಟ, ವಿಭಾಗಗಳ ಮುಖ್ಯಸ್ಥರು ಕಳಿಸಿದ್ದ ಹಾಜರಾತಿ ಮತ್ತು ಕಾರ್ಯಭಾರದ ಪ್ರಮಾಣಪತ್ರ, ಹಿಂದಿನ ಸೆಮಿಸ್ಟರಿನಲ್ಲಿ ಇದೇ ರೀತಿ ಬಿಡುಗಡೆಯಾದ ಆದೇಶ. ನಾಲ್ಕಕ್ಕೂ ಚೀಟಿ ಸಿಕ್ಕಿಸಿದೆ. ನೇಮಕ ಆಗಿದೆ, ಪಾಠ ಆಗಿದೆ, ಹಣ ಇದೆ, ಕೊಡುವುದಷ್ಟೇ ಬಾಕಿ ಎಂಬುದು ಕಡತ ತೆರೆದವರಿಗೆ ಎರಡು ನಿಮಿಷದಲ್ಲಿ ಕಾಣುವಂತಿರಬೇಕು ಎಂಬುದು ನನ್ನ ಆಸೆ. ಹೊಸ ನಿರ್ಧಾರ ತೆಗೆದುಕೊಳ್ಳಲು ಹಂಗಾಮಿಯವರು ಹಿಂಜರಿದರೆ ಅದು ಸರಿಯೇ. ಇಲ್ಲಿ ಹೊಸದೇನೂ ಇರಲಿಲ್ಲ.

ಬುಧವಾರ ಹನ್ನೊಂದಕ್ಕೆ ಕೂತರು. ಹಣಕಾಸು ಅಧಿಕಾರಿಗಳು ಮಾತಾಡಿದರು, ನಾನು ಹೊರಗೆ ನನ್ನ ಮೇಜಿನಲ್ಲಿದ್ದೆ. ಹನ್ನೊಂದೂವರೆಗೆ ಕಡತ ಹೊರಬಂತು. "ಚರ್ಚಿಸಲಾಯಿತು. ಅನುಮೋದಿಸಿದೆ." ಹಣ ಖಾತೆಗೆ ಬಿದ್ದದ್ದು ಮುಂದಿನ ವಾರದ ಸೋಮವಾರ. ಶುಕ್ರವಾರವೇ ಸಹಿಯಾಗಿದ್ದರೆ ಐದು ದಿನ ಮುಂಚೆ ಬೀಳುತ್ತಿತ್ತು.

ಐದು ದಿನ ಎಂದರೆ ಏನು ಮಹಾ ಎಂದು ನನಗೂ ಅನ್ನಿಸಿತ್ತು. ಕಾರಿಡಾರಿನಲ್ಲಿ ನಿಂತಿದ್ದವರು ಗುರುವಾರ ಬಂದು ವಿಚಾರಿಸಿದಾಗ ಇದ್ದದ್ದನ್ನು ಇದ್ದಹಾಗೆ ಹೇಳಿದೆ, ತಡ ಆಗಿದ್ದು ನನ್ನ ಕಚೇರಿಯಿಂದ ಎಂದು. ಅವರು ಸಿಟ್ಟಾಗಲಿಲ್ಲ. "ಬುಧವಾರ ಬಾಡಿಗೆ ಕೊಡ್ತೀನಿ ಅಂತ ಮನೆ ಓನರ್‌ಗೆ ಹೇಳಿದ್ದೆ ಮೇಡಂ. ಮೂರನೇ ಸಲ ಮಾತು ತಪ್ಪಿತು" ಎಂದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಹಳೆಯ ಕುಲಪತಿಗಳಿಗೂ ಹೇಳಬೇಕೆನಿಸಿತು. ಸೋಮವಾರ ರಾತ್ರಿಯೇ ಫೋನ್ ಮಾಡಿದ್ದೆ. ಎಲ್ಲ ಕೇಳಿ ಅವರು ಹೇಳಿದ ಮಾತು: "ನೀವು ತಂದಿದ್ರೆ ಹಾಕಿಬಿಡ್ತಿದ್ದೆ ಅನ್ಸುತ್ತೆ ಮೇಡಂ. ತಾರೀಖು ನೋಡ್ತಾನೇ ಇರಲಿಲ್ಲ."

ಎರಡು ತಿಂಗಳ ನಂತರ

ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಒಂದು ಅರ್ಜಿ ಬಂತು. ಹಿಂದಿನ ಕುಲಪತಿಗಳ ಕೊನೆಯ 30 ದಿನಗಳ ಆವಕ-ಜಾವಕ ವಹಿ, ಶಾಖೆಗಳ ಮುದ್ದಾಂ ಪುಸ್ತಕಗಳು, ಕೊನೆಯ ವಾರ ಸಹಿಯಾದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ. ಅರ್ಜಿದಾರರ ಕಣ್ಣು ಬೇರೆ ಯಾವುದೋ ವಿಷಯದ ಮೇಲಿತ್ತು. ಅತಿಥಿ ಉಪನ್ಯಾಸಕರ ಕಡತದ ಸುದ್ದಿಯೇ ಅವರಿಗೆ ಗೊತ್ತಿರಲಿಲ್ಲ. 30 ದಿನದೊಳಗೆ ಮಾಹಿತಿ ಕೊಡಬೇಕಾದ್ದರಿಂದ ಎಲ್ಲ ವಹಿಗಳೂ ಸಾರ್ವಜನಿಕ ಮಾಹಿತಿ ಅಧಿಕಾರಿಗಳ ಮೇಜಿಗೆ ಹೋದವು.

ಅರ್ಜಿದಾರರು ಖುದ್ದಾಗಿ ಬಂದು ಕೂತು ನೋಡಿದರು. ಮುದ್ದಾಂ ಪುಸ್ತಕ ಒಂದು ಕೈಯಲ್ಲಿ, ಆವಕ ವಹಿ ಇನ್ನೊಂದು ಕೈಯಲ್ಲಿ, ಸಾಲು ಸಾಲಾಗಿ ತಾಳೆ ನೋಡಿದರು. ಶುಕ್ರವಾರ ನಾನು ಮಾಡಬೇಕಿದ್ದ ಕೆಲಸವನ್ನು ಅವರು ನನ್ನ ಎದುರಿಗೇ ಮಾಡುತ್ತಿದ್ದರು. ಆ ತಿಂಗಳಿನಲ್ಲಿ ತಾಳೆಯಾಗದ ಒಂದೇ ಒಂದು ನಮೂದು ಗುರುವಾರದ ಎರಡನೇ ಕಡತ. ಅದನ್ನು ಬೆರಳಿಟ್ಟು ಕೇಳಿದರು. ಸೋಮವಾರದ ನಮೂದನ್ನೂ ಟಿಪ್ಪಣಿಯನ್ನೂ ತೋರಿಸಿದೆ. ಓದಿ, ಅದಕ್ಕೂ ಪ್ರತಿ ಬೇಕೆಂದರು. ಪುಟಕ್ಕೆ 2 ರೂಪಾಯಿಯಂತೆ ಕಟ್ಟಿ ಎಲ್ಲದರ ಜೊತೆ ತೆಗೆದುಕೊಂಡು ಹೋದರು. ಮತ್ತೆ ಬರಲಿಲ್ಲ. ವಹಿಯಲ್ಲಿ "41 ಎ" ಎಂದೊಂದು ಸಾಲು ತುರುಕಿಸಿದ್ದರೆ ಆ ಮಧ್ಯಾಹ್ನ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ. ಆ ಒಂದು ಸಾಲಿನಿಂದ ಉಳಿದ 29 ಸಹಿಗಳೂ ಅನುಮಾನಕ್ಕೆ ಬೀಳುತ್ತಿದ್ದವು.

ಆಮೇಲೆ ಕಚೇರಿಯಲ್ಲಿ ಕೆಲವು ಬದಲಾವಣೆ ಮಾಡಿಕೊಂಡೆ. ಎಷ್ಟೇ ಕಡತ ಒಟ್ಟಿಗೆ ಬರಲಿ, ಲಾಡಿ ಬಿಚ್ಚಿ, ಒಂದೊಂದಕ್ಕೂ ಬೇರೆ ಸಂಖ್ಯೆ. ತಿಂಗಳ ಕೊನೆಗೆ ಶಾಖೆಗಳ ಮುದ್ದಾಂ ಪುಸ್ತಕಗಳನ್ನು ತರಿಸಿ ನಮ್ಮ ವಹಿಯ ಜೊತೆ ತಾಳೆ. ಅವಧಿ ಮುಗಿಯುವ ಮೂರು ವಾರ ಮೊದಲೇ ಎಲ್ಲ ಶಾಖೆಗಳಿಗೆ ಲಿಖಿತ ಟಿಪ್ಪಣಿ ಕಳಿಸಿ, ಕುಲಪತಿಗಳಲ್ಲಿ ಬಾಕಿ ಇರುವ ಕಡತಗಳ ಪಟ್ಟಿಯನ್ನು ಅವರಿಂದಲೇ ಕೇಳುವುದು. ಆ ಸಲ ಬಾಯಿಮಾತಿನಲ್ಲಿ ಹೇಳಿ ಬಿಟ್ಟಿದ್ದೆ.

ಕಡತಗಳನ್ನು ಕಂಪ್ಯೂಟರಿನಲ್ಲೇ ನಡೆಸುವ ಇ-ಆಫೀಸ್ ಬಂದ ಮೇಲೆ ಈ ತೊಂದರೆಗಳೆಲ್ಲ ಹೋದವು ಎನ್ನುವವರಿದ್ದಾರೆ. ಕಡತ ಯಾವಾಗ ಬಂತು, ಯಾವಾಗ ಹೋಯಿತು ಎಂಬುದನ್ನು ಈಗ ಯಂತ್ರವೇ ಬರೆದಿಡುತ್ತದೆ, ನಿಜ. ಆದರೆ ಸಾಹೇಬರ ಟೋಕನ್ ಮತ್ತು ಪಾಸ್‌ವರ್ಡ್ ಸಹಾಯಕರ ಡ್ರಾಯರಿನಲ್ಲಿ ಇರುವವರೆಗೆ, ಸಹಿ ಹಾಕಿದವರು ಯಾರು ಎಂಬುದನ್ನು ಯಂತ್ರ ಹೇಳಲಾರದು. ಕಿರಿಯರು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಟೋಕನ್ ಇಟ್ಟುಕೊಳ್ಳಬೇಡಿ ಎಂದು. ಇಟ್ಟುಕೊಳ್ಳಿ ಎಂದು ಅವರೇ ಹೇಳಿದರೂ, ನಯವಾಗಿ ವಾಪಸ್ ಕೊಡಿ.

ಪೂರ್ಣಾವಧಿ ಕುಲಪತಿಗಳು ಬರಲು ಕೆಲವು ತಿಂಗಳು ಹಿಡಿಯಿತು. ಹಂಗಾಮಿಯವರ ಕೊನೆಯ ದಿನ ಸಂಜೆ ನಾಲ್ಕೂವರೆಗೆ ಅವರು ನನ್ನ ಕೋಣೆಗೇ ಬಂದರು. ಆವಕ ವಹಿ ಕೇಳಿದರು, ಆಡಳಿತ ಶಾಖೆಯ ಮುದ್ದಾಂ ಪುಸ್ತಕವನ್ನೂ ತರಿಸಲು ಹೇಳಿದರು. ಅಧೀಕ್ಷಕರೇ ಹಿಡಿದುಕೊಂಡು ಬಂದರು. ಮೂವರೂ ನಿಂತುಕೊಂಡೇ ತಾಳೆ ನೋಡಿದೆವು. ಕೊನೆಯ ಸಂಖ್ಯೆಯ ಕೆಳಗೆ ಕುಲಪತಿಗಳು ಸ್ಕೇಲಿಟ್ಟು ಗೆರೆ ಎಳೆದು, ಹಸಿರು ಶಾಯಿಯಲ್ಲಿ ಸಮಯ ಬರೆದು ಸಹಿ ಹಾಕಿದರು. ಅಧೀಕ್ಷಕರು ಪುಸ್ತಕ ಮುಚ್ಚಿ, "ಕಾಫಿ ತರಿಸ್ಲಾ ಮೇಡಂ?" ಎಂದರು.